ಹೂರಣ ತಳಿಯ ಪರಿಚಯ

ಪಡುವಣ ಗಾಳಿ ಬೀಸಿದ ದಿನ ಹಾಲಗಡ್ಡಿಯ ವಾಸನೆ ಹೊಳೆ ದಾಟಿ ಆಚೆ ದಂಡೆಯ ಊರುಗಳಿಗೆ ಹೋಗುತ್ತಿತ್ತು. ಬಸ್ಸಿನಿಂದ ಇಳಿದ ಹೊಸಬರು ಮೂಗರಳಿಸಿ, ಇವತ್ತು ಯಾರ ಮನೆಯಲ್ಲಿ ಹೋಳಿಗೆ ಎಂದು ಕೇಳುತ್ತಿದ್ದರು. ಚಹಾದಂಗಡಿಯವನು ತಲೆಯೆತ್ತದೆ, "ಹೋಳಿಗಿ ಅಲ್ರಿ, ಗಾಂಜಾ. ಸರ್ಕಾರದ್ದು" ಎನ್ನುತ್ತಿದ್ದ.

ಕೃಷ್ಣೆ ಎರಡಾಗಿ ಒಡೆದು ಹರಿದು ಮತ್ತೆ ಕೂಡುವಲ್ಲಿ ನಡುವೆ ಉಳಿದ ದಿಬ್ಬಕ್ಕೆ ಈ ಸೀಮೆಯವರು ಗಡ್ಡಿ ಎನ್ನುತ್ತಾರೆ. ಹಾಲಗಡ್ಡಿಯಲ್ಲಿ ಮೊದಲು ಇದ್ದದ್ದು ಅಂಬಿಗರ ಕೆಲವು ಮನೆಗಳು, ಸಜ್ಜೆಯ ಹೊಲ, ಬಂಡೆಗಲ್ಲು. ನೋವಿನ ಔಷಧಿಗೆಂದು ಗಾಂಜಾ ಬೆಳೆಯಲು ಕಾಯ್ದೆ ದಾರಿ ಬಿಟ್ಟ ಮೇಲೆ, ಸಂಶೋಧನಾ ಕೇಂದ್ರಕ್ಕೆ ಜಾಗ ಹುಡುಕುತ್ತಿದ್ದವರು ಇಲ್ಲಿಗೆ ಬಂದರು. ಗಾಂಜಾದ ಗಂಡು ಹೂವಿನ ಪರಾಗ ಗಾಳಿಯಲ್ಲಿ ಹರದಾರಿಗಟ್ಟಲೆ ಹೋಗುತ್ತದೆ. ಬೇರೆ ಕಡೆಯ ಪರಾಗ ಬಂದು ಬಿದ್ದರೆ ಕಷ್ಟಪಟ್ಟು ಕೂಡಿಸಿದ ತಳಿ ಕೆಡುತ್ತದೆ. ಸುತ್ತ ನೀರಿದ್ದರೆ ಆ ಭಯ ಕಡಿಮೆ.

ಹೂರಣ ಹುಟ್ಟಿದ್ದು ಇಲ್ಲೇ. ಅದರ ತಾಯಿ, ಗಾಂಜಾವನ್ನು ಪ್ರಸಾದವಾಗಿ ಕೊಡುವ ಆಚೆ ದಂಡೆಯ ಒಂದು ಆರೂಢ ಮಠದ ಹಿತ್ತಲಲ್ಲಿ ತಲೆಮಾರುಗಳಿಂದ ಬೆಳೆದುಕೊಂಡು ಬಂದ ಗಿಡ. ಎತ್ತರ, ಸಣ್ಣ ಎಲೆ, ಮೂಗಿಗೆ ಹೊಡೆಯುವ ಹಸಿ ವಾಸನೆ. ತಂದೆ ಪರದೇಶದ್ದು. ಗಿಡ್ಡ, ದಪ್ಪ ಹೂವು, ಬೇಕರಿಯ ಬಾಗಿಲು ತೆರೆದಂಥ ವಾಸನೆ. ಈ ಎರಡರ ಮಕ್ಕಳಲ್ಲಿ ಬಹಳಷ್ಟು ಯಾವುದಕ್ಕೂ ಬಾರದವು. ಒಂದು ಮಾತ್ರ, ಹೂ ಬಲಿಯುವ ಹೊತ್ತಿಗೆ, ರುಬ್ಬಿಟ್ಟ ಹೂರಣದ ಹಾಗೆ ಘಮಿಸತೊಡಗಿತು. ಕೇಂದ್ರದ ಹಿರಿಯ ವಿಜ್ಞಾನಿ ಮೆಹರುನ್ನೀಸಾ ಆ ಗಿಡದ ಮುಂದೆ ಬಹಳ ಹೊತ್ತು ಕೂತಿದ್ದು ಎದ್ದು ಹೋಗಿ, ಅದಕ್ಕೆ ಬೇರೆ ಹೆಸರು ಹುಡುಕುವುದೇ ಬೇಡ ಎಂದರು.

ಈಗ ಅದರ ಪರಿಚಯ ಬರೆಯುವ ಕೆಲಸ ನಡೆದಿತ್ತು. ಔಷಧಿಯ ಬಿಲ್ಲೆಯಾಗಿ ನಾಡಿಗೆಲ್ಲ ಹೋಗುವ ಮೊದಲು ತಳಿಯ ವಾಸನೆ, ರುಚಿ, ಪರಿಣಾಮ ಎಲ್ಲವನ್ನೂ ಬರೆದು ಒಪ್ಪಿಗೆ ಸಮಿತಿಯ ಮುಂದೆ ಇಡಬೇಕು. ವಾಸನೆಯಲ್ಲಿ ಏನೇನು ಇದೆ ಎಂದು ಯಂತ್ರ ಹೇಳುತ್ತಿತ್ತು. ಅದು ಯಾವುದರ ಹಾಗೆ ಇದೆ ಎಂದು ಹೇಳಲು ಯಂತ್ರಕ್ಕೆ ಬರುವುದಿಲ್ಲ. ಅದಕ್ಕೆ ಗಡ್ಡಿಯ ಮೂವರು ಹೆಂಗಸರು ಇದ್ದರು. ಮುದುಕಿ ಹಂಪಮ್ಮ, ಕೂಸಿನ ತಾಯಿ ಮಾನಮ್ಮ, ಮತ್ತು ಹೂ ಬಿಡಿಸುವ ಹೆಂಗಸರ ಮುಖಂಡಳಾದ ಸುಗಲಮ್ಮ.

ಮೂಸುವ ಕೋಣೆಯಲ್ಲಿ ಗಾಜಿನ ಬಟ್ಟಲುಗಳನ್ನು ಮುಚ್ಚಿ ಇಟ್ಟಿದ್ದರು. ಒಂದನ್ನು ಮೂಸಿ ಇನ್ನೊಂದಕ್ಕೆ ಹೋಗುವಾಗ ನಡುವೆ ತಂತಮ್ಮ ಸೆರಗು ಮೂಸಬೇಕು; ತನ್ನ ಮೈವಾಸನೆಗೆ ಬಂದ ಮೂಗು ಮತ್ತೆ ಹೊಸದಾಗುತ್ತದೆ.

"ಬೆಲ್ಲ," ಎಂದಳು ಹಂಪಮ್ಮ.

"ಎಂಥ ಬೆಲ್ಲ ಆಯಿ?" ಮೆಹರುನ್ನೀಸಾ ವಿಜಯಪುರದ ಕಡೆಯವರು, ಅವರಿಗೆ ಈ ಮಾತು ಹೊಸದಲ್ಲ.

"ಪಾಕಕ್ಕ ಬಂದದ್ದು. ಇನ್ನೊಂದು ಗಳಿಗಿ ಬಿಟ್ರ ಹೊತ್ತತದ, ಅಂಥಾದ್ದು."

"ಹಿಂದಿಂದ ಏಲಕ್ಕಿ ಅದ ನೋಡ್ರಿ," ಎಂದಳು ಮಾನಮ್ಮ.

"ನಿಮ್ಮತ್ತಿ ಏಲಕ್ಕಿ ಹಾಕಿ ಹೋಳಿಗಿ ಮಾಡಿದ್ದು ಯಾವಾಗ ಕಂಡಿ? ಜಾಜಿಕಾಯಿ ಅದು."

"ನಮ್ಮತ್ತಿ ಹೋಳಿಗಿ ಮಾಡಿದ್ರ ನಾ ಯಾಕ ಇಲ್ಲಿ ಕುಂತು ಗಾಂಜಾ ಮೂಸ್ತಿದ್ದೆ?"

ಮೂವರೂ ನಕ್ಕರು. ನಗು ಬಾಯಿಂದ ಬಂತು, ಬಂದಷ್ಟೇ ಬೇಗ ನಿಂತಿತು.

ಸುಗಲಮ್ಮ ಕೊನೆಗೆ ಮೂಸಿದಳು. ಬೆಲ್ಲ ಇತ್ತು, ಜಾಜಿಕಾಯಿಯೂ ಇತ್ತು. ಅದರ ಕೆಳಗೆ ಕಾಸಿ ಆರಿಸಿದ ಹಾಲಿನ ಕೆನೆ, ಇನ್ನೂ ಕೆಳಗೆ ಕಡಲೆಬೇಳೆ ಬೆಂದ ಕಟ್ಟಿನ ವಾಸನೆ. ಅದನ್ನು ಅವಳು ಹೇಳಿದಳು. ಸಹಾಯಕ ಚಿಕ್ಕಸ್ವಾಮಿ ಕಂಪ್ಯೂಟರಿನಲ್ಲಿ ಬಡಿದುಕೊಂಡ. ಅವನು ಚಾಮರಾಜನಗರದ ಕಡೆಯ ಹುಡುಗ. ಬಂದು ವರ್ಷ ಕಳೆದಿದ್ದರೂ ಇಲ್ಲಿಯ ಮಾತನ್ನು ಅರ್ಧ ಕಿವಿಯಿಂದ, ಅರ್ಧ ಊಹೆಯಿಂದ ಹಿಡಿಯುತ್ತಿದ್ದ.

"ಇನ್ನು ಪರಿಣಾಮದ್ದು ಒಂದು ಸಾಲು ಉಳಿದಿದೆ ಮೇಡಂ," ಎಂದ.

"ಅದು ರೋಗಿಗಳನ್ನ ಕೇಳಿ ಆಗ್ಯದಲ್ಲ."

"ಕೆಲಸದವರದ್ದೂ ಸೇರಿಸಬೇಕಂತೆ. ಇವರನ್ನ ಕೇಳಿದ್ದೀನಿ. ಎಲ್ಲರೂ ಚೆನ್ನಾಗವ್ರೆ. ಊಟ ಸಪ್ಪೆ ಅಂತಾರೆ, ಅಷ್ಟೇ. ಕ್ಯಾಂಟೀನಿಗೆ ಹೇಳಿ ಉಪ್ಪು ಜಾಸ್ತಿ ಮಾಡಿಸಿದ್ದೀನಿ."

"ಅದಕ್ಕ ಆ ಸಾರು ಬಾಯಾಗ ಇಡಾಕ ಬರವಲ್ದು," ಎಂದಳು ಹಂಪಮ್ಮ. ಸಿಟ್ಟಿನಿಂದ ಹೇಳಲಿಲ್ಲ. ಯಾರ ಮೇಲೂ ಯಾರಿಗೂ ಸಿಟ್ಟು ಬಂದು ಬಹಳ ದಿನವಾಗಿತ್ತು.

ಹೂರಣದ ಬಿಲ್ಲೆ ನಶೆ ಏರಿಸುತ್ತಿರಲಿಲ್ಲ. ಕಣ್ಣು ಕೆಂಪಾಗುವುದು, ಕಾರಣವಿಲ್ಲದೆ ನಗುವುದು, ಗೋಡೆ ಹತ್ತಿರ ಬಂದಂತೆ ಕಾಣುವುದು ಯಾವುದೂ ಇರಲಿಲ್ಲ. ಬಿಲ್ಲೆಯ ಪರೀಕ್ಷೆ ಸುರುವಾದಾಗ ಮೆಹರುನ್ನೀಸಾ ಗಡ್ಡಿಯ ಜನರನ್ನು ಬೇವಿನ ಕಟ್ಟೆಗೆ ಕೂಡಿಸಿ ತಿಳಿಸಿ ಹೇಳಿದ್ದರು. ಬ್ಯಾನಿಗೆ ಎರಡು ದಾರಿ ಅದಾವ. ಒಂದು ದಾರಿ ಮೆದುಳಿಗೆ ಹೋಗಿ, ಇಂಥಲ್ಲಿ ಬ್ಯಾನಿ ಅದ ಅಂತ ಹೇಳ್ತದ. ಇನ್ನೊಂದು ದಾರಿ ಹೋಗಿ, ಯವ್ವಾ ಅಂತ ಚೀರತದ. ನಮ್ಮ ಗಿಡದಾಗಿನ ಒಂದು ಅಂಶ ಆ ಎರಡನೇ ದಾರಿಗೆ ಅಗಳಿ ಹಾಕ್ತದ. ಬ್ಯಾನಿ ಇರ್ತದ, ತ್ರಾಸ ಇರಂಗಿಲ್ಲ.

ಸುಗಲಮ್ಮ ಆ ಮಾತನ್ನು ಕಟ್ಟೆಯಲ್ಲಿ ಕೇಳಿದ್ದಳು, ಮನೆಯಲ್ಲಿ ಕಂಡಳು.

ಅವಳ ಗಂಡ ದೇವಿಂದ್ರಪ್ಪ ಹರಗೋಲು ಹಾಕುವವನು. ಯಂತ್ರದ ದೋಣಿ ಬಂದ ಮೇಲೂ ಬಿಡದೆ ಹಾಕುತ್ತಿದ್ದ. ಆಮೇಲೆ ಸೊಂಟದ ಎಲುಬಿನಲ್ಲಿ ಗಂಟು ಬಂತು. ಕೊಯ್ದರು, ಸುಟ್ಟರು, ಮನೆಗೆ ಕಳಿಸಿದರು. ಮನೆಯಲ್ಲಿ ಮಗ್ಗುಲು ಬದಲಿಸುವಾಗ ಅವನು ಕೂಗಿದ ಕೂಗಿಗೆ ಹೊಳೆಯಾಚೆ ದನ ಮೇಯಿಸುವವರು ನಿಂತು ನೋಡುತ್ತಿದ್ದರು. ಹೂರಣದ ಬಿಲ್ಲೆ ಪರೀಕ್ಷೆಗೆ ಬಂದಾಗ ಮೊದಲು ಸಿಕ್ಕವರಲ್ಲಿ ಅವನೂ ಒಬ್ಬ. ನಾಲಿಗೆ ಕೆಳಗೆ ಇಟ್ಟುಕೊಂಡು ಸ್ವಲ್ಪ ಹೊತ್ತಿಗೆ, "ಏ ಇಕಿನ, ಹಸಿವಾಗ್ಯದ" ಎಂದಿದ್ದ. ಅವತ್ತು ಅವಳು ಗೋಡೆಗೆ ಮುಖ ಮಾಡಿ ಅತ್ತಿದ್ದಳು. ಕಡೆಯ ಸಲ ಅತ್ತದ್ದು ಅದೇ ಇರಬೇಕು.

ಆ ದಿನ ಸಂಜೆ ಅವಳು ಮನೆಗೆ ಬಂದಾಗ ಅವನು ಹಗ್ಗ ಹೆಣೆದ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ.

"ಬ್ಯಾನಿ ಹ್ಯಾಂಗದ್ರಿ?"

"ಅದ. ಅಲ್ಲೇ ಕುಂತದ. ಯಾರದೋ ಅನಸ್ತದ."

ಜೋಳದ ರೊಟ್ಟಿ, ಹಿಂಡಿ ಪಲ್ಲೆ ಕೊಟ್ಟಳು. ಉಂಡ. ಮೊದಲಾಗಿದ್ದರೆ ಪಲ್ಲೆಯಲ್ಲಿ ಒಂದು ತಪ್ಪು ಹುಡುಕಿ, ಅವಳ ತವರನ್ನು ಎಳೆದು ತಂದು, ಅವಳ ಬಾಯಿಂದ ನಾಲ್ಕು ಮಾತು ಹೇಳಿಸಿಕೊಳ್ಳದೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಗಡ್ಡಿಯಲ್ಲಿ ಅವರ ಜಗಳಕ್ಕೆ ಹೆಸರಿತ್ತು. ಈಗ ಮನೆಯಲ್ಲಿ ಹೊಳೆಯ ಸದ್ದು ಕೇಳುತ್ತಿತ್ತು.

ಮರುದಿನ ಕತ್ತರಿಸುವ ಮನೆಯಲ್ಲಿ ಕೆಲಸ ಇತ್ತು. ಒಣಗಿಸುವ ಕೋಣೆಗೆ ಅಂಟಿದಂತೆ ಅದು. ಬೆಚ್ಚಗಿನ ಗಾಳಿ ಸದಾ ಈ ಕಡೆಗೇ ಬರುತ್ತಿತ್ತು. ಹೆಂಗಸರು ಎರಡು ಸಾಲಾಗಿ ಕೂತು ಹೂವಿನ ಸುತ್ತಲಿನ ಎಲೆಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸುತ್ತಿದ್ದರು. ಅಂಟು ಹಿಡಿದ ಕತ್ತರಿಗೆ ನಡುನಡುವೆ ಕುಸುಬೆ ಎಣ್ಣೆ ಸವರಬೇಕು. ಕೈಗೆ ಗವಸು ಇತ್ತು. ಮೂಗಿಗೆ ಕೊಟ್ಟ ಬಟ್ಟೆಯನ್ನು ಯಾರೂ ಕಟ್ಟುತ್ತಿರಲಿಲ್ಲ, ಸೆಕೆ. ವಾಸನೆಯೇ ಔಷಧಿ ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

ಈ ಸಾಲಿನಲ್ಲಿ ಹಿಂದೆ ಬಹಳ ಮಾತು ನಡೆಯುತ್ತಿತ್ತು. ಹೂ ಬಿಡುವ ಮೊದಲೇ ಗಂಡು ಗಿಡಗಳನ್ನು ಗುರುತು ಹಿಡಿದು ಕೀಳುವುದು ಇವರದೇ ಕೆಲಸ. ಆ ದಿನಗಳಲ್ಲಂತೂ ಹಂಪಮ್ಮನ ಬಾಯಿಗೆ ಬಿಡುವಿರಲಿಲ್ಲ. "ಗಂಡಸ್ರನ್ನ ಸಣ್ಣವರಿದ್ದಾಗಲೇ ಹಿಂಗ ಗುರ್ತು ಹಿಡದು ಕಿತ್ತು ಒಗಿಯೂ ಹಂಗಿದ್ರ ನಮ್ಮ ಬಾಳೇ ಬ್ಯಾರೆ ಇರ್ತಿತ್ತವ್ವ," ಎನ್ನುತ್ತಿದ್ದಳು. ಹೆಂಗಸರು ಕತ್ತರಿ ಬಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಆ ಮಾತನ್ನು ಅವಳು ಈ ಸಲವೂ ಹೇಳಿದ್ದಳು. ಹೆಂಗಸರು ಹೌದೆಂದು ತಲೆಯಾಡಿಸಿದ್ದರು.

"ನಿನ್ನಿ ನಮ್ಮ ಕೂಸು ಕೆಂಡ ತುಳೀತು," ಎಂದಳು ಮಾನಮ್ಮ.

"ಯಾವ ಕಾಲು?" ಪಕ್ಕದವಳು ಕೇಳಿದಳು.

"ಬಲಗಾಲು. ಒಲಿಯಿಂದ ಹೊರಗ ಎಳದಿಟ್ಟಿದ್ದೆ, ಅಂಬೆಗಾಲಿಕ್ಕಿ ಬಂದು ಎದ್ದು ನಿಂತು ತುಳದದ. ಅಳಾಕತ್ತಿತ್ತು. ಕೇಳಿಸ್ತು. ಹಂಚಿನ ಮ್ಯಾಲ ರೊಟ್ಟಿ ಇತ್ತು. ಬೇಯಿಸಿ ಇಳಿಸಿ ಹೋದೆ."

"ಹೌದು ಮತ್ತ, ಹೊತ್ತತಿತ್ತು," ಎಂದಳು ಹಂಪಮ್ಮ.

"ಅಂಗಾಲು ಪೂರಾ ಗುಳ್ಳಿ ಎದ್ದಾವ. ಆಸ್ಪತ್ರಿಯವರು ಬಟ್ಟಿ ಕಟ್ಟಿ ಅಲ್ಲೇ ಇಟಗೊಂಡಾರ. ಬೆರಳು ಕೂಡಿಕೊಂಡ್ರೂ ಕೂಡಿಕೊಳ್ಳಬಹುದು ಅಂದ್ರು."

ಕತ್ತರಿಗಳು ಆಡುತ್ತಲೇ ಇದ್ದವು. ಸುಗಲಮ್ಮನದೂ ಆಡುತ್ತಿತ್ತು. ಏನೋ ಒಂದು ಆಗಬೇಕಾದದ್ದು ಆಗದೆ ಉಳಿಯಿತು ಎಂದು ಅವಳಿಗೆ ಹೊಳೆಯಿತು. ಮಗ್ಗದಲ್ಲಿ ಒಂದು ಎಳೆ ತಪ್ಪಿದ್ದು ಕಣ್ಣಿಗೆ ಬೀಳುವ ಹಾಗೆ ಅದು ಹೊಳೆದದ್ದು. ಎದೆಯಲ್ಲಿ ಏನೂ ಆಗಲಿಲ್ಲ. ಎಣ್ಣೆಯ ಬಟ್ಟಲಿಗೆ ಕೈ ಚಾಚಿದಾಗ ಅದು ಏನೆಂದು ತಿಳಿಯಿತು. ಇಷ್ಟು ಹೆಂಗಸರಲ್ಲಿ ಒಬ್ಬಳೂ 'ಯವ್ವಾ' ಅನ್ನಲಿಲ್ಲ. ಎಳೆಗೂಸಿನ ಕಾಲು ಸುಟ್ಟಿತು ಎಂದರೆ ಈ ಸೀಮೆಯಲ್ಲಿ ಹೆಂಗಸರ ಬಾಯಿಂದ ಆ ಮಾತು ತಾನೇ ಬಂದುಬಿಡುತ್ತದೆ. ಕೈಯಲ್ಲಿದ್ದದ್ದು ಬೀಳುತ್ತದೆ. ಕೂಸಿನ ತಾಯಿಗೆ ನಾಲ್ಕು ಬೈಗುಳ ಬೀಳುತ್ತವೆ.

"ಯವ್ವಾ," ಎಂದು ಸುಗಲಮ್ಮ ಅಂದು ನೋಡಿದಳು. ಕೊಡ, ಹಗ್ಗ ಎಂದ ಹಾಗೆ ಬಂತು.

"ಏನಕ್ಕ?" ಎಂದಳು ಮಾನಮ್ಮ.

"ಏನಿಲ್ಲ. ಮಾನಮ್ಮ, ನೀ ಅತ್ತಿಯೇನು?"

ಮಾನಮ್ಮ ಯೋಚಿಸಿದಳು. "ಇಲ್ಲಕ್ಕ. ಅಳಬೇಕಿತ್ತಲ್ಲ ಅಂತ ಈಗ ನೀ ಕೇಳಿದ ಮ್ಯಾಲ ನೆಪ್ಪಾಗ್ಲಕತ್ತದ."

ಊಟದ ಬಿಡುವಿನಲ್ಲಿ ಸುಗಲಮ್ಮ ಪ್ರಯೋಗಾಲಯಕ್ಕೆ ಹೋದಳು. ಮೆಹರುನ್ನೀಸಾ ಯಂತ್ರದ ಮುಂದೆ ಇದ್ದರು. ಸುಗಲಮ್ಮ ಕೂಸಿನ ಕಾಲಿನ ಮಾತು ಹೇಳಿದಳು, ರೊಟ್ಟಿಯ ಮಾತು ಹೇಳಿದಳು, ಯಾರೂ ಯವ್ವಾ ಅನ್ನಲಿಲ್ಲ ಎಂಬುದನ್ನೂ ಹೇಳಿದಳು.

"ಇದನ್ನೇರಿ ಮೇಡಂ, ನಾವು ಆ ಹುಡುಗಗ ಹೇಳಿದ್ದು. ಸಪ್ಪ ಆಗ್ಯದ, ಎಲ್ಲಾ ಸಪ್ಪ ಆಗ್ಯದ ಅಂತ. ಬಾಳೇ ಸಪ್ಪಗ ಅದ ಅಂದ್ರ ಅವ ಸಾರಿಗೆ ಉಪ್ಪು ಹಾಕಿಸ್ಯಾನ."

ಚಿಕ್ಕಸ್ವಾಮಿ ತಲೆಯೆತ್ತಿದ. "ನಮ್ಮ ಕಡೆ ಸಪ್ಪೆ ಅಂದ್ರೆ ಉಪ್ಪಿಲ್ಲ ಅಂತಾನೇ ಮೇಡಂ," ಎಂದ.

ಮೆಹರುನ್ನೀಸಾ ಗವಸು ಬಿಚ್ಚಿ ಮೇಜಿನ ಮೇಲಿಟ್ಟರು.

"ಮೊನ್ನೆ ರಂಜಾನಿಗೆ ಮೊದಲ ನಮ್ಮ ಅಬ್ಬಾ ತೀರಿಕೊಂಡ್ರು," ಎಂದರು. "ನಾ ಹೋದೆ. ಎಲ್ಲಾ ನಿಂತು ಮಾಡಿಸಿದೆ. ತಂಗಿ ಎರಡು ಸಲ ಎಚ್ಚರ ತಪ್ಪಿ ಬಿದ್ಲು. ನಾನು ಗಟ್ಟಿ ಇದ್ದೀನಿ ಅಂತ ಮಂದಿ ಅಂದ್ರು. ನಾನೂ ಹಂಗ ಅಂದುಕೊಂಡೆ. ಓದಿದಾಕಿ, ಅದಕ್ಕ ಗಟ್ಟಿ ಇದ್ದೀನಿ ಅಂತ."

ಸಮಾಧಾನ ಹೇಳಬೇಕಾದ ಜಾಗ ಇದು ಎಂದು ಸುಗಲಮ್ಮನಿಗೆ ಗೊತ್ತಾಯಿತು. ಹೇಳಿಸಿಕೊಳ್ಳುವವರಿಗೂ ಅದು ಬೇಕಾಗಿರಲಿಲ್ಲ.

ಅವತ್ತು ಸಂಜೆಯೊಳಗೆ ಮೆಹರುನ್ನೀಸಾ ಕತ್ತರಿಸುವ ಮನೆಯ ಗಾಳಿಯನ್ನು ಯಂತ್ರಕ್ಕೆ ಹಾಕಿದರು, ಹೆಂಗಸರ ರಕ್ತ ತೆಗೆಸಿದರು, ತಮ್ಮದನ್ನೂ ತೆಗೆದುಕೊಂಡರು. ಬಿಲ್ಲೆ ನುಂಗದವರ ರಕ್ತದಲ್ಲೂ ಆ ಅಂಶ ಇತ್ತು. ಮುಚ್ಚಿದ ಎರಡನೇ ದಾರಿ ಬರೇ ಸೊಂಟದ ಬ್ಯಾನಿಯ ದಾರಿ ಆಗಿರಲಿಲ್ಲ. ಸತ್ತವರಿಗೆ ಅಳುವುದು, ಕೂಸು ಅತ್ತರೆ ಓಡುವುದು, ಪಲ್ಲೆಗೆ ಜಗಳ ತೆಗೆಯುವುದು ಎಲ್ಲವೂ ಅದೇ ದಾರಿಯಲ್ಲಿ ನಡೆದು ಬರುವವು.

"ಸೋಮವಾರ ಸಮಿತಿ ಬರ್ತದ," ಎಂದರು ಮೆಹರುನ್ನೀಸಾ. "ಪರಿಣಾಮದ ಸಾಲಿನಾಗ ಇದನ್ನ ಬರೀಬೇಕು. ನಾ ಬರದ್ರ ಅವರು ನಿಮ್ಮನ್ನ ಕೇಳ್ತಾರ. ನೀವು ಬಾಯಿಲೆ ಹೇಳಬೇಕು. ರಕ್ತದಾಗಿನ ಅಂಶ ನಾ ತೋರಿಸಬಹುದು, ಅಳು ಬರಂಗಿಲ್ಲ ಅಂಬೋದು ಯಂತ್ರದಾಗ ಬರಂಗಿಲ್ಲ."

"ಹೇಳಿದ್ರ ಏನಾಗ್ತದ್ರಿ?"

"ನಿಲ್ಲಸ್ತಾರ. ಮತ್ತ ಪರೀಕ್ಷಾ ಆಗಿ ಸುರು ಆಗೂದ್ರಾಗ ವರ್ಷಗಟ್ಟಲೆ ಹಿಡೀತದ."

"ಎಲ್ಲಾರಿಗೂ?"

"ಎಲ್ಲಾರಿಗೂ. ನಿಮ್ಮ ಮನಿಯವರಿಗೂ." ಅವರು ಸುಗಲಮ್ಮನ ಮುಖ ನೋಡಿದರು. "ನಿಮಗ ಏನನಸ್ತದ?"

"ಏನೂ ಅನಸವಲ್ದು ನೋಡ್ರಿ," ಎಂದಳು ಸುಗಲಮ್ಮ.

ಮನೆಗೆ ಹೋಗುವ ದಾರಿಯಲ್ಲಿ ಅವಳು ಯೋಚಿಸಿದಳು. ಹಿಂದೆ ಯಾವ ಕಷ್ಟದ ಕೆಲಸವನ್ನೂ ಅವಳು ಯೋಚಿಸಿ ಮಾಡಿದವಳಲ್ಲ. ಎದೆ ಹೊಡೆದುಕೊಂಡರೆ ಹೆಜ್ಜೆ ಹಿಂದಿಡುತ್ತಿದ್ದಳು, ಹೊಟ್ಟೆ ತಣ್ಣಗಿದ್ದರೆ ಮುಂದಿಡುತ್ತಿದ್ದಳು. ಈಗ ಕೂಸಿನ ಕಾಲನ್ನು ಒಂದು ಕಡೆ, ಗಂಡನ ಸೊಂಟವನ್ನು ಒಂದು ಕಡೆ ಇಟ್ಟು ನೋಡಿದರೆ ಎರಡೂ ಒಂದೇ ತೂಕ ಇದ್ದವು. ಎರಡಕ್ಕೂ ತೂಕವೇ ಇರಲಿಲ್ಲ. ಗಂಡನನ್ನೇ ಕೇಳುವುದೆಂದುಕೊಂಡಳು.

ಅವನು ಎಲ್ಲವನ್ನೂ ಕೇಳಿಸಿಕೊಂಡ. ಕೂಸಿನ ವಿಷಯಕ್ಕೆ "ಹೌದಾ" ಎಂದ. ಬಿಲ್ಲೆ ನಿಲ್ಲುವ ವಿಷಯಕ್ಕೂ "ಹೌದಾ" ಎಂದ.

"ನಾ ಏನು ಹೇಳಬೇಕು ಹೇಳ್ರಿ."

"ನಂಗ ಎರಡೂ ಒಂದ."

"ಬಿಲ್ಲೆ ಬಾಯಾಗ ಇಟಗೊಂಡು ಎರಡೂ ಒಂದ ಅಂದ್ರ ಹ್ಯಾಂಗ್ರಿ? ಇದು ನೀವು ಹೇಳಿದ ಮಾತು ಆಗಂಗಿಲ್ಲ, ಗಿಡ ಹೇಳಿದ ಮಾತು ಆಗ್ತದ."

"ಹಂಗಾದ್ರ ನಾಳಿ ಬಿಲ್ಲೆ ಕೊಡಬ್ಯಾಡ. ಬ್ಯಾನಿ ಬಂದ ಮ್ಯಾಲ ಕೇಳು," ಎಂದ. ಊರಿಗೆ ಹೋಗಿ ಬರುತ್ತೇನೆ ಎಂದ ಹಾಗೆ ಹೇಳಿದ.

ಮರುದಿನ ಭಾನುವಾರ. ಬಿಲ್ಲೆ ಕೊಡಲಿಲ್ಲ. ಹೊತ್ತು ಏರುವವರೆಗೆ ಅವನು ಸುಮ್ಮನಿದ್ದ. ಆಮೇಲೆ ಹೊರಸಿನ ಹಗ್ಗವನ್ನು ಕೈಯಲ್ಲಿ ಸುತ್ತಿಕೊಳ್ಳತೊಡಗಿದ. ಹಣೆಯಲ್ಲಿ ನೀರೊಡೆಯಿತು. ಮಧ್ಯಾಹ್ನದ ಹೊತ್ತಿಗೆ ಕೂಗಿದ ಕೂಗಿಗೆ ಅಂಗಳದ ಕೋಳಿಗಳು ಹಾರಿ ಬೇಲಿ ದಾಟಿದವು.

ಸುಗಲಮ್ಮ ಪಕ್ಕದಲ್ಲಿ ಕೂತು ಬೆವರು ಒರೆಸಿದಳು.

"ಕೊಡು. ಬಿಲ್ಲೆ ಕೊಡು. ಏ ಬೋಸುಡಿ, ಕೇಳಸವಲ್ದೇನು, ಕೊಡಂದ್ರ!"

"ಕೊಡ್ತೀನ್ರಿ. ಮೊದಲು ಹೇಳ್ರಿ. ನಾಳಿ ನಾ ಏನು ಹೇಳ್ಲಿ?"

ಅವನು ಅವಳ ಮುಖ ನೋಡಿದ. ಬಹಳ ದಿನದ ಮೇಲೆ ನೋಡಿದವನ ಹಾಗೆ ನೋಡಿದ. ನೋಡುತ್ತ ಅವನ ಕಣ್ಣು ತುಂಬಿ ಬಂದವು.

"ಆ ಕೂಸು... ಮಾನಮ್ಮನ ಕೂಸು. ಕಾಲು ಸುಟಗೊಂಡದ ಅಂದಿ. ನಾ ಹೌದಾ ಅಂದೆ. ಯವ್ವಾ, ನಾ ಹೌದಾ ಅಂದ್ನಲ್ಲೇ! ಹ್ಯಾಂಗದ ಈಗ?"

"ಆಸ್ಪತ್ರಿಯಾಗದ."

"ನೋಡಾಕ ಹೋಗಿದ್ದೇನು?"

ಅವಳು ಹೋಗಿರಲಿಲ್ಲ. ಹೋಗಬೇಕೆಂದು ಹೊಳೆದಿರಲೂ ಇಲ್ಲ. ಹಾಗೆಂದೇ ಹೇಳಿದಳು.

"ಇಷ್ಟು ದಿನ ನಾವಿಬ್ರೂ ಸತ್ತೀವೇನ?" ಎಂದ ಅವನು. ಮತ್ತೆ ಬ್ಯಾನಿ ಎದ್ದು ಅವನನ್ನು ಬಿಲ್ಲಿನ ಹಾಗೆ ಬಗ್ಗಿಸಿತು. ಅದು ಇಳಿಯುವವರೆಗೆ ಅವಳು ಅವನ ಹೆಗಲು ಹಿಡಿದಿದ್ದಳು. ಹಿಡಿಯಬೇಕಾದದ್ದು ಹಾಗೆ ಎಂದು ಕೈಗೆ ನೆನಪಿತ್ತು. "ನಂಗ ಬೇಕು ಸುಗಲಾ. ಸುಳ್ಳ್ಯಾಕ ಹೇಳ್ಲಿ? ಹಲ್ಲು ಕಚ್ಚಿ ಬ್ಯಾಡ ಅನ್ನುವಷ್ಟು ದೊಡ್ಡಾಂವ ನಾ ಅಲ್ಲ. ಇದು ಬಂದ್ರ ನಾ ನಿನ್ನ ಕಾಲಿಗಿ ಬೀಳ್ತೀನಿ ಬಿಲ್ಲೆ ಕೊಡು ಅಂತ, ಬೈತೀನಿ, ಹೊಡೀತೀನಿ. ನಂಗ ಬೇಕು. ಆದ್ರ ಆ ಹುಡುಗಿ ಮಾನಮ್ಮಗ ಬ್ಯಾಡ. ಕೂಸು ಅತ್ತರ ಏಳದಂಥ ತಾಯಿ ಬ್ಯಾಡ ಯಾರಿಗೂ. ಎರಡೂ ಹೇಳು. ಎರಡೂ ಖರೇ ಅದಾವ."

"ಎರಡೂ ನಡಿಯಂಗಿಲ್ಲಂತ್ರಿ. ನಿಲ್ಲಿಸಿದ್ರ ಎಲ್ಲಾ ನಿಲ್ಲತದ."

ಅವನು ಕಣ್ಣು ಮುಚ್ಚಿಕೊಂಡು ಉಸಿರು ಎಳೆದು ಬಿಟ್ಟ. "ಹಂಗಾದ್ರ ಹೇಳು," ಎಂದ. ಅಷ್ಟು ಹೇಳಿದವನೇ ಬಾಯಿಗೆ ಕಂಬಳಿ ತುರುಕಿಕೊಂಡು ಅತ್ತ. ಒಮ್ಮೆ ಕಂಬಳಿ ತೆಗೆದು ಅವಳನ್ನು ನೋಡಿದ.

"ನೀ ಯಾಕ ಅಳವಲ್ಲಿ?"

"ಬರವಲ್ದ್ರಿ."

"ನಾ ಇಷ್ಟು ಬ್ಯಾನಿ ತಿಂದು ಇಲ್ಲೀತನಕ ಬಂದೀನಿ. ನೀ ಇಲ್ಲೇ ಇಲ್ಲಲ್ಲೇ." ಅವನ ಕೈ ಅವಳ ಕೆನ್ನೆಯನ್ನು ಹುಡುಕಿ ಹಿಡಿಯಿತು. ಕೆನ್ನೆ ಒಣಗಿತ್ತು. "ಕೊಡು ಇನ್ನ ಬಿಲ್ಲೆ. ಒಬ್ಬನೇ ಕುಂದ್ರಾಕ ಆಗವಲ್ದು."

ಕೊಟ್ಟಳು. ಸ್ವಲ್ಪ ಹೊತ್ತಿನಲ್ಲಿ ಕೈ ಕೆನ್ನೆಯಿಂದ ಜಾರಿ ಹೊರಸಿನ ಮೇಲೆ ಬಿತ್ತು. ಕೋಳಿಗಳು ತಿರುಗಿ ಬಂದವು.

ಸೋಮವಾರ ಸಮಿತಿಯವರು ಯಂತ್ರದ ದೋಣಿಯಲ್ಲಿ ಬಂದರು. ಹೂರಣದ ಬಟ್ಟಲು ಮೂಸಿ ಒಬ್ಬೊಬ್ಬರೂ ಬೆರಗಾದರು. ಪರಿಚಯವನ್ನು ಮೆಹರುನ್ನೀಸಾ ನಿಂತು ಓದಿದರು. ಪಾಕಕ್ಕೆ ಬಂದ ಬೆಲ್ಲ, ಜಾಜಿಕಾಯಿ, ಕೆನೆ, ಬೇಳೆಯ ಕಟ್ಟು. ನಾಲಿಗೆಯ ಮೇಲೆ ಮೊದಲು ಸಿಹಿ, ಕೊನೆಗೆ ತುಸು ಒಗರು. ನಶೆ ಇಲ್ಲ, ಹಸಿವು ಉಂಟು, ಎಲುಬಿನ ನೋವಿಗೆ ಬೇರೆ ಯಾವುದಕ್ಕಿಂತ ಮಿಗಿಲು. ಆಮೇಲೆ ಕಡೆಯ ಸಾಲು ಓದಿದರು.

ಸಮಿತಿಯ ಅಧ್ಯಕ್ಷರು ವಯಸ್ಸಾದವರು. ಅವರ ಮುಖ ಮೃದುವಾಗಿತ್ತು. "ಸಾವಿರಾರು ಜನ ಇದನ್ನು ಕಾಯ್ತಾ ಇದ್ದಾರೆ," ಎಂದರು. "ಒಂದು ಮಗುವಿಗೆ ಆದ ಅಪಘಾತದಿಂದ ಇಷ್ಟು ದೊಡ್ಡ ಮಾತು ಹೇಳಬಹುದೇ? ಗಾಳಿಯ ವ್ಯವಸ್ಥೆ ಸರಿ ಮಾಡಿದರೆ ಸಾಲದೇ?"

"ಬಿಲ್ಲೆ ತೊಗೊಂಡು ಮನಿಗೆ ಹೋಗೋರು ಬರೇ ಸಾಯೋರು ಇರಂಗಿಲ್ರಿ," ಎಂದಳು ಸುಗಲಮ್ಮ. "ಮೊಣಕಾಲು ಬ್ಯಾನಿ ಇದ್ದೋರು ತೊಗೋತಾರ, ತಲಿ ಬ್ಯಾನಿ ಇದ್ದೋರು ತೊಗೋತಾರ. ಅವರ ಮನ್ಯಾಗೂ ಒಲಿ ಇರ್ತದ, ಕೂಸು ಇರ್ತದ. ಸಾಯೋರಿಗಷ್ಟೇ ಕೊಡೂ ಹಂಗಿದ್ರ ಕೊಡ್ರಿ. ಅವರಿಗಿ ಇದು ದೇವರು."

"ಹಾಗೆ ಭಾಗ ಮಾಡಿ ಕೊಡಲು ಈಗಿನ ಕಾನೂನಿನಲ್ಲಿ ಬರೋದಿಲ್ಲಮ್ಮ."

"ಹಂಗಾದ್ರ ಬ್ಯಾಡ್ರಿ."

ಅಧ್ಯಕ್ಷರು ಮುಂದೆ ಬಾಗಿದರು. "ನಿಮ್ಮ ಯಜಮಾನರೂ ಇದನ್ನೇ ತೊಗೊಳ್ತಾರಂತೆ. ಇದನ್ನು ನಿಲ್ಲಿಸಿದರೆ ಅವರ ಗತಿ ಏನು ಅಂತ ನಿಮಗೆ ಗೊತ್ತಿದೆ. ಗೊತ್ತಿದ್ದೂ ಇಷ್ಟು ತಣ್ಣಗೆ ನಿಂತು ಹೇಳ್ತಾ ಇದ್ದೀರಲ್ಲ. ನಿಮಗೇನೂ ಅನಿಸೋದಿಲ್ಲವೇ ತಾಯಿ?"

"ಅನಸಂಗಿಲ್ರಿ," ಎಂದಳು ಸುಗಲಮ್ಮ. "ಅದನ್ನ ಹೇಳಾಕ ಬಂದೀನಿ."

ಅವರು ಪೆನ್ನು ಕೆಳಗಿಟ್ಟರು.

ದೋಣಿ ಹೋದ ಮೇಲೆ ಮೆಹರುನ್ನೀಸಾ ಬಂದು, ಇವತ್ತಿನಿಂದಲೇ ನಿಂತಿತು, ಮನೆಯಲ್ಲಿ ಇದ್ದದ್ದನ್ನು ಮಾತ್ರ ಯಾರೂ ತಿರುಗಿ ಕೇಳುವುದಿಲ್ಲ ಎಂದು ಹೇಳಿದರು. ಜಿಲ್ಲಾ ಆಸ್ಪತ್ರೆಯ ಇಂಜೆಕ್ಷನ್ನಿಗೆ ತಾವೇ ಮಾತಾಡಿರುವುದಾಗಿಯೂ, ಅದು ಹೂರಣದಷ್ಟು ಹಿಡಿಯುವುದಿಲ್ಲವೆಂದೂ ಹೇಳಿದರು.

ದೇವಿಂದ್ರಪ್ಪ ಊಟ ಮಾಡುತ್ತಿದ್ದ. ಸುಗಲಮ್ಮ ಸುದ್ದಿ ಹೇಳಿದಳು.

"ಹೌದಾ," ಎಂದ. ತುತ್ತು ಅಗಿದು ನುಂಗಿದ. "ಎಷ್ಟು ಉಳದಾವ?"

"ಡಬ್ಬಿ ತಳದಾಗ ಅದಾವ."

ಮೇಲೆ ಆಣೆಕಟ್ಟಿನ ಬಾಗಿಲು ಎತ್ತುತ್ತಾರೆಂದು ಸುದ್ದಿ ಬಂದಾಗ ಗಡ್ಡಿಯವರು ಅಳುತ್ತ ಕೂರುವುದಿಲ್ಲ. ಕಾಳು-ಕಡಿ ಅಟ್ಟಕ್ಕೆ ಏರಿಸುತ್ತಾರೆ, ದನದ ಕಣ್ಣಿ ಬಿಚ್ಚುತ್ತಾರೆ, ಹರಗೋಲನ್ನು ಬಾಗಿಲಿಗೆ ತಂದು ಕಟ್ಟುತ್ತಾರೆ. ಹೊಳೆ ಬರುವುದು ಆಮೇಲೆ. ಅವನು ಕೈ ತೊಳೆದುಕೊಂಡು ಮನೆಯನ್ನೊಮ್ಮೆ ಹಾಗೆ ನೋಡಿದ.

"ಹೊರಸು ಗ್ವಾಡಿಯಿಂದ ಈಕಡಿ ಎಳಿ," ಎಂದ. "ತಲಿ ಬಡಕೊಂಡೇನು. ಕುಡಗೋಲು, ಕತ್ತಿ ಎಲ್ಲಾ ಹಂಪಮ್ಮನ ಮನ್ಯಾಗ ಇಟ್ಟು ಬಾ. ನಾ ಬೇಡಿದ್ರೂ ತರಬ್ಯಾಡ. ಕಚ್ಚಾಕ ಒಂದು ಕಟಗಿ ಮಾಡಿಡು, ಕಂಬಳಿ ಬಾಯಾಗ ಹತ್ತತದ. ಬೇವಿಂದಾಗಲಿ."

"ಆತ್ರಿ."

"ನಾ ಬೈದದ್ದು ಮನಸಿಗಿ ಹಚಗೋಬ್ಯಾಡ."

"ಈಗಂತೂ ಹತ್ತಂಗಿಲ್ರಿ."

"ಮುಂದ ಹತ್ತತದ," ಎಂದ ಅವನು. "ಆವಾಗಿಂದು ಹೇಳಾಕತ್ತೀನಿ."

ಅವಳು ಹೊರಸನ್ನು ಗೋಡೆಯಿಂದ ಈಚೆಗೆ ಎಳೆದಳು. ಅವನು ಎದ್ದು ಗೂಟ ಹಿಡಿದು ನಿಂತು, ಇನ್ನೂ ಈಚೆಗೆ, ಇನ್ನೂ ಎಂದು ಹೇಳುತ್ತಿದ್ದ. ಒಂದು ಕಾಲು ಅಲುಗಾಡುತ್ತಿತ್ತು. ಸುಗಲಮ್ಮ ಅಂಗಳಕ್ಕೆ ಹೋಗಿ ಚಪ್ಪಟೆಯ ಕಲ್ಲು ಹುಡುಕಿ ತಂದು ಅದರ ಕೆಳಗೆ ಇಟ್ಟಳು. ಎರಡೂ ಕೈಯಿಂದ ಅಲುಗಾಡಿಸಿ ನೋಡಿದಳು. ಗಟ್ಟಿ ಇತ್ತು. ಆಮೇಲೆ ಕತ್ತಿ, ಕುಡುಗೋಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹಂಪಮ್ಮನ ಮನೆಗೆ ಹೊರಟಳು.